ಅಳಿಯ ಕೇಳಿದ ಪ್ರಶ್ನೆ, ಮಾವನ ಸರ್ಕಾರದ ಉತ್ತರ

ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಅಧಿವೇಶನ ಶುರುವಾಯಿತು ಅಂದರೆ ಜಿಲ್ಲೆಯ ಸರ್ಕಾರಿ ಕಚೇರಿಗಳಲ್ಲಿ ಒಂದೇ ಮಾತು. ಎಲ್‌ಎಕ್ಯೂ ಬಂದಿದೆ! ಊಟಕ್ಕೆ ಹೋದ ಗುಮಾಸ್ತ ಸಂಜೆವರೆಗೂ ಸಿಗದ ಕಚೇರಿಯಲ್ಲಿ ಅವತ್ತು ರಾತ್ರಿ ಒಂಬತ್ತಾದರೂ ದೀಪ ಉರಿಯುತ್ತಿರುತ್ತದೆ. ಎಲ್‌ಎಕ್ಯೂ ಅಂದರೆ ಬೇರೇನೂ ಅಲ್ಲ, ಶಾಸಕರು ವಿಧಾನಸಭೆಯಲ್ಲಿ ಕೇಳುವ ಪ್ರಶ್ನೆ. ತಾಲೂಕಿನಲ್ಲಿ ಎಷ್ಟು ಕೊಳವೆಬಾವಿ ಕೊರೆಸಿದಿರಿ, ಎಷ್ಟರಲ್ಲಿ ನೀರು ಬಂತು, ಬಿಲ್ಲು ಎಷ್ಟಾಯಿತು, ಗುತ್ತಿಗೆದಾರ ಯಾರು. ರೈತ ಹತ್ತು ಸಲ ಅಲೆದರೂ ಸಿಗದ ಲೆಕ್ಕ ಆ ಒಂದು ಹಾಳೆಗೆ ಸಿಗಬೇಕು. ಬಹಳ ಸಲ ಸಿಗುವುದು ಮಾತ್ರ ಒಂದೇ ಪದ: ಉದ್ಭವಿಸುವುದಿಲ್ಲ. ಇಲ್ಲದಿದ್ದರೆ, ಮಾಹಿತಿ ಸಂಗ್ರಹಿಸಲಾಗುತ್ತಿದೆ.

ಉತ್ತರ ಬಂತಲ್ಲ ಅಂತ ಹೆಚ್ಚಿನವರು ಹಾಳೆ ಮಡಿಚಿ ಜೇಬಿಗಿಟ್ಟುಕೊಳ್ಳುತ್ತಾರೆ. ಹಾಗೆ ಮಡಿಚಿಡದ ಒಬ್ಬ ಸದಸ್ಯ ದೆಹಲಿಯ ಲೋಕಸಭೆಯಲ್ಲಿದ್ದರು. ಅವರು ವಿರೋಧ ಪಕ್ಷದವರಲ್ಲ, ಆಳುವ ಕಾಂಗ್ರೆಸ್ಸಿನವರೇ. ಅಷ್ಟೇ ಅಲ್ಲ, ಪ್ರಧಾನಮಂತ್ರಿಗೆ ಸ್ವಂತ ಅಳಿಯ. ಹೆಸರು ಫಿರೋಜ್ ಗಾಂಧಿ. ಇಂದಿರಾ ಗಾಂಧಿಯವರ ಗಂಡ, ರಾಜೀವ್ ಮತ್ತು ಸಂಜಯ್ ಅವರ ಅಪ್ಪ ಅಂತ ಮಾತ್ರ ಈಗಿನವರಿಗೆ ಗೊತ್ತು. ಮಹಾತ್ಮ ಗಾಂಧಿಯ ಸಂಬಂಧಿ ಅಂತ ಇನ್ನೂ ನಂಬಿದವರೂ ಉಂಟು. ಆ ಸಂಬಂಧ ಏನೂ ಇಲ್ಲ.

ಫಿರೋಜ್ ಹುಟ್ಟಿದ್ದು 1912ರ ಸೆಪ್ಟೆಂಬರ್ 12ರಂದು ಮುಂಬಯಿಯ ಪಾರ್ಸಿ ಮನೆಯಲ್ಲಿ. ಬೆಳೆದಿದ್ದು ಅಲಹಾಬಾದಿನಲ್ಲಿ, ತಾಯಿಯ ಒಡಹುಟ್ಟಿದ ಡಾಕ್ಟರಮ್ಮನ ಆಸರೆಯಲ್ಲಿ. 1930ರಲ್ಲಿ ಅವರು ಓದುತ್ತಿದ್ದ ಯೂಯಿಂಗ್ ಕ್ರಿಶ್ಚಿಯನ್ ಕಾಲೇಜಿನ ಮುಂದೆ ಕಾಂಗ್ರೆಸ್ ಹೆಂಗಸರು ಪಿಕೆಟಿಂಗ್ ಮಾಡುತ್ತಿದ್ದರು. ಅವರಲ್ಲಿ ಜವಾಹರಲಾಲರ ಪತ್ನಿ ಕಮಲಾ ನೆಹರೂ ಬಿಸಿಲಿಗೆ ತಲೆ ತಿರುಗಿ ಬಿದ್ದರು. ಓಡಿಹೋಗಿ ಎತ್ತಿದ ಹುಡುಗರಲ್ಲಿ ಫಿರೋಜ್ ಒಬ್ಬ. ಅಲ್ಲಿಗೆ ಕಾಲೇಜಿಗೆ ಶರಣು ಹೊಡೆದು ಚಳವಳಿಗೆ ಬಿದ್ದಾಯಿತು. ಜೈಲೂ ಆಯಿತು. ಫೈಜಾಬಾದ್ ಜೈಲಿನಲ್ಲಿ ಜೊತೆಗಿದ್ದವರು ಲಾಲ್ ಬಹಾದ್ದೂರ್ ಶಾಸ್ತ್ರಿ. ಆಮೇಲೆ ಲಂಡನ್ನಿನಲ್ಲಿ ಓದು. 1936ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕಮಲಾ ತೀರಿಕೊಂಡಾಗ ಹಾಸಿಗೆಯ ಬಳಿ ಇದ್ದವರಲ್ಲಿ ಈ ಹುಡುಗನೂ ಇದ್ದ. 1942ರ ಮಾರ್ಚಿನಲ್ಲಿ ಇಂದಿರಾ ಜೊತೆ ಮದುವೆ; ಅದೇ ವರ್ಷ ಗಂಡ ಹೆಂಡತಿ ಇಬ್ಬರೂ ಜೈಲಿಗೆ. ಸ್ವಾತಂತ್ರ್ಯ ಬರುವ ಹೊತ್ತಿಗೆ ಲಖನೌದಲ್ಲಿ ನ್ಯಾಷನಲ್ ಹೆರಾಲ್ಡ್ ಪತ್ರಿಕೆಯ ಆಡಳಿತ ನೋಡಿಕೊಳ್ಳುತ್ತಿದ್ದರು.

1952ರ ಮೊದಲ ಚುನಾವಣೆಯಲ್ಲಿ ರಾಯ್‌ಬರೇಲಿ ಕಡೆಯಿಂದ ಗೆದ್ದು ಲೋಕಸಭೆಗೆ ಬಂದರು. ಮಾವ ಪ್ರಧಾನಿ, ಹೆಂಡತಿ ಪ್ರಧಾನಿಯ ಮನೆ ನಡೆಸುವವರು. ಇಂಥ ಅಳಿಯ ಬಾಯಿ ಬಿಟ್ಟರೆ ಮಂತ್ರಿ ಪದವಿ ಬರುತ್ತಿತ್ತೋ ಏನೋ. ಈ ಮನುಷ್ಯ ಹಿಂದಿನ ಬೆಂಚಿನಲ್ಲಿ ಕೂತು ಮೂರು ವರ್ಷ ಹೆಚ್ಚು ಮಾತಾಡಲೇ ಇಲ್ಲ. ಸಂಸತ್ ಭವನದ ಸೆಂಟ್ರಲ್ ಹಾಲಿನಲ್ಲಿ ಒಂದು ಮೂಲೆ ಹಿಡಿದು ಎಲ್ಲ ಪಕ್ಷದವರ ಜೊತೆ, ಪತ್ರಕರ್ತರ ಜೊತೆ ಹರಟೆ. ಆ ಮೂಲೆಗೆ ಅವರದೇ ಹೆಸರು ಬಿತ್ತು. ಹರಟೆ ಅಂತ ಉಳಿದವರು ಅಂದುಕೊಂಡಿದ್ದರು. ಆ ಹೊತ್ತಿಗೆ ಕಂಪನಿಗಳ ಬ್ಯಾಲೆನ್ಸ್ ಶೀಟುಗಳನ್ನು ಒಂದೊಂದಾಗಿ ಓದಿ ಮುಗಿಸುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು.

ದಾಲ್ಮಿಯಾ ಕಥೆ

1955ರ ಡಿಸೆಂಬರಿನಲ್ಲಿ ಎದ್ದು ನಿಂತರು. ವಿಷಯ ಜೀವವಿಮೆ. ಆಗ ವಿಮೆ ಬಹುಪಾಲು ಖಾಸಗಿ ಕೈಯಲ್ಲಿತ್ತು. ಮೇಷ್ಟರು, ಗುಮಾಸ್ತರು, ಅಂಗಡಿಯವರು ಹೊಟ್ಟೆ ಬಟ್ಟೆ ಕಟ್ಟಿ ಕಂತು ತುಂಬುತ್ತಿದ್ದರು. ಆ ದುಡ್ಡು ಕಂಪನಿ ಯಜಮಾನರಿಗೆ ಮನೆಯ ತಿಜೋರಿ ಇದ್ದ ಹಾಗೆ. ಭಾರತ್ ಇನ್ಶೂರೆನ್ಸ್ ಕಂಪನಿಯ ಹಣ ಅದರ ಯಜಮಾನ ರಾಮಕೃಷ್ಣ ದಾಲ್ಮಿಯಾ ಕೈಯಲ್ಲಿ ಯಾವ ಯಾವ ಕಂಪನಿಗೆ ಹರಿದುಹೋಯಿತು ಅನ್ನುವುದನ್ನು ಫಿರೋಜ್ ಸದನದಲ್ಲಿ ಬಿಡಿಸಿಟ್ಟರು. ಬೈಗುಳ ಇಲ್ಲ, ಬರೀ ತಾರೀಕು, ಬರೀ ಮೊತ್ತ. ದಾಲ್ಮಿಯಾ ಮೇಲೆ ಕೇಸು ನಡೆದು ಎರಡು ವರ್ಷ ಜೈಲು ಶಿಕ್ಷೆ ಆಯಿತು. ಇನ್ನೊಂದು ಕಡೆ 1956ರ ಜನವರಿಯಲ್ಲಿ ಸುಗ್ರೀವಾಜ್ಞೆ ತಂದು ಸರ್ಕಾರ ಜೀವವಿಮೆಯನ್ನು ತನ್ನ ಕೈಗೆ ತೆಗೆದುಕೊಂಡಿತು. 245 ಕಂಪನಿ ಮತ್ತು ಪ್ರಾವಿಡೆಂಟ್ ಸೊಸೈಟಿಗಳು ಒಂದಾಗಿ 1956ರ ಸೆಪ್ಟೆಂಬರ್ 1ಕ್ಕೆ ಎಲ್‌ಐಸಿ ಹುಟ್ಟಿತು. ಇವತ್ತು ಬೀದಿಗೊಬ್ಬ ಎಲ್‌ಐಸಿ ಏಜೆಂಟರಿದ್ದಾರಲ್ಲ, ಅವರ ಚೀಲದ ಹಿಂದೆ ಈ ಭಾಷಣದ ಪಾಲೂ ಇದೆ.

ಈ ಗದ್ದಲದಲ್ಲಿ ಫಿರೋಜರ ಕಣ್ಣಿಗೆ ಇನ್ನೊಂದು ಕೊರತೆ ಬಿತ್ತು. ಸದನದಲ್ಲಿ ಸದಸ್ಯ ಏನು ಬೇಕಾದರೂ ಹೇಳಬಹುದು, ಅವನನ್ನು ಕೋರ್ಟಿಗೆ ಎಳೆಯುವಂತಿಲ್ಲ. ಅದನ್ನೇ ಪತ್ರಿಕೆಯವನು ಅಚ್ಚು ಹಾಕಿದರೆ ಮಾನನಷ್ಟ ಮೊಕದ್ದಮೆ! ದುಡ್ಡಿದ್ದವನು ವಕೀಲರ ನೋಟೀಸು ಕಳಿಸಿದರೆ ಸಣ್ಣ ಪತ್ರಿಕೆ ಅಲ್ಲಿಗೆ ಮುಗಿಯಿತು. ಇದಕ್ಕೆ ಫಿರೋಜ್ ಒಂದು ಖಾಸಗಿ ಮಸೂದೆ ತಂದರು. ಸಂಸತ್ತಿನಲ್ಲಿ ನಡೆದದ್ದನ್ನು ದುರುದ್ದೇಶವಿಲ್ಲದೆ ನಡೆದ ಹಾಗೆ ವರದಿ ಮಾಡಿದರೆ ಕೇಸು ಹಾಕುವಂತಿಲ್ಲ. ಖಾಸಗಿ ಸದಸ್ಯರ ಮಸೂದೆ ಪಾಸಾಗುವುದು ಅಮಾವಾಸ್ಯೆಗೊಂದು ಹುಣ್ಣಿಮೆಗೊಂದು ಅಂತಲೂ ಇಲ್ಲ, ಅಷ್ಟು ಅಪರೂಪ. ಇದು 1956ರಲ್ಲೇ ಕಾನೂನಾಯಿತು. ಜನ ಅದನ್ನು ಫಿರೋಜ್ ಗಾಂಧಿ ಕಾಯಿದೆ ಅಂತಲೇ ಕರೆದರು.

ಮುಂದ್ರಾ ಷೇರು

ಈಗ ಅಸಲು ಕಥೆ. ಎಲ್‌ಐಸಿ ಹುಟ್ಟಿ ಒಂದು ವರ್ಷವೂ ತುಂಬಿರಲಿಲ್ಲ. 1957ರ ಜೂನಿನಲ್ಲಿ ಅದು ಹರಿದಾಸ್ ಮುಂದ್ರಾ ಅನ್ನುವ ಕಲ್ಕತ್ತಾದ ಉದ್ಯಮಿಯ ಆರು ಕಂಪನಿಗಳ ಷೇರು ಕೊಂಡಿತು. ಕಾನ್ಪುರದ ಬ್ರಿಟಿಷ್ ಇಂಡಿಯಾ ಕಾರ್ಪೊರೇಶನ್, ಕಲ್ಕತ್ತಾದ ಜೆಸ್ಸಪ್, ಇನ್ನೂ ನಾಲ್ಕು. ಮೊತ್ತ ಸುಮಾರು 1 ಕೋಟಿ 24 ಲಕ್ಷ. ಆ ಕಾಲದ ರೂಪಾಯಿ ಅನ್ನುವುದು ನೆನಪಿರಲಿ. ಮುಂದ್ರಾ ಬಲ್ಬು ಮಾರಿ ಮೇಲೆ ಬಂದವನು, ಷೇರು ಪೇಟೆಯಲ್ಲಿ ಹೆಸರು ಕೆಡಿಸಿಕೊಂಡು ಸಾಲದಲ್ಲಿ ಮುಳುಗಿದ್ದವನು. ಇಂಥವನ ಷೇರನ್ನು ಎಲ್‌ಐಸಿ ತನ್ನ ಹೂಡಿಕೆ ಸಮಿತಿಯನ್ನು ಒಂದು ಮಾತೂ ಕೇಳದೆ, ಪೇಟೆ ಬೆಲೆಗಿಂತ ಹೆಚ್ಚು ಕೊಟ್ಟು ಎತ್ತಿಕೊಂಡಿತ್ತು. ದುಡ್ಡು ಯಾರದು? ಕಂತು ತುಂಬಿದವರದು.

ಸದನದಲ್ಲಿ ಪ್ರಶ್ನೆ ಎದ್ದಿದ್ದು ಆ ಸೆಪ್ಟೆಂಬರಿನಲ್ಲಿ. ಮುಂದೆ ನಿಂತು ಕೇಳಿದವರು ಕಾಂಗ್ರೆಸ್ಸಿನವರೇ ಆದ ರಾಮ್ ಸುಭಗ್ ಸಿಂಗ್, ಜೊತೆಗೆ ಫಿರೋಜ್. ಎಲ್‌ಐಸಿ ಇಂಥ ಷೇರು ಕೊಂಡಿದ್ದು ನಿಜವೇ ಅನ್ನುವ ಸರಳ ಪ್ರಶ್ನೆ. ಹಣಕಾಸು ಇಲಾಖೆಯ ಉತ್ತರ ಇತ್ತು, ಅದರೊಳಗೆ ಸಂಗತಿ ಇರಲಿಲ್ಲ. ಬೇರೆ ಸದಸ್ಯರಾದರೆ ಅಲ್ಲಿಗೆ ಬಿಡುತ್ತಿದ್ದರು. ಇವರು ನವೆಂಬರ್ ಕೊನೆಯಲ್ಲಿ ಮತ್ತೆ ಬಂದರು.

ಇಲ್ಲಿ ಪ್ರಶ್ನೆಯ ಒಳಗುಟ್ಟು ಸ್ವಲ್ಪ ತಿಳಿದಿರಬೇಕು. ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ ಅಂತ ಎರಡು ಬಗೆ. ಚುಕ್ಕೆ ಇದ್ದರೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರಿಸಬೇಕು, ಅದರ ಬಾಲಕ್ಕೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರಹದ ಉತ್ತರ, ಸದನದ ಮೇಜಿನ ಮೇಲಿಟ್ಟರೆ ಆಯಿತು. ಲೋಕಸಭೆಯಲ್ಲಿ ಈಗ ದಿನಕ್ಕೆ ಚುಕ್ಕೆಯವು 20, ಬರಹದ ಉತ್ತರದವು 230. ಬರಹದ್ದು ಸಪ್ಪೆ ಅಂತ ತಿಳಿಯಬಾರದು. ಮಂತ್ರಿ ಬಾಯಲ್ಲಿ ಹಾರಿಕೆ ಮಾತು ಹೇಳಿ ನಗಿಸಿ ಕೂರಬಹುದು. ಕಾಗದದ ಮೇಲೆ ಇಲಾಖೆ ಬರೆದುಕೊಟ್ಟ ಅಂಕಿ ಹಾಗಲ್ಲ, ಅದು ದಾಖಲೆ. ಸುಳ್ಳು ಬರೆದರೆ ಹಕ್ಕುಚ್ಯುತಿ. ಮಾಹಿತಿ ಸಂಗ್ರಹಿಸಿ ಕೊಡುತ್ತೇವೆ ಅಂತ ತಪ್ಪಿಸಿಕೊಂಡರೂ ಅದನ್ನು ಭರವಸೆ ಅಂತ ಲೆಕ್ಕ ಹಿಡಿದು ಬೆನ್ನು ಹತ್ತುವುದಕ್ಕೆ 1953ರಿಂದ ಲೋಕಸಭೆಯಲ್ಲಿ ಒಂದು ಸಮಿತಿಯೇ ಇದೆ. ಉತ್ತರ ಸಾಲದು ಅನಿಸಿದರೆ ಚರ್ಚೆಗೂ ಕೇಳಬಹುದು. ಅಂದರೆ ಉತ್ತರ ಸಿಕ್ಕಿದ ಮೇಲೆ ಕೆಲಸ ಶುರು.

ಫಿರೋಜ್ ಮಾಡಿದ್ದು ಅದನ್ನೇ. ಇಲಾಖೆಯ ಉತ್ತರವನ್ನು ಒಂದು ಕೈಯಲ್ಲಿ, ಷೇರು ಪೇಟೆಯ ದಿನದಿನದ ಬೆಲೆಪಟ್ಟಿಯನ್ನು ಇನ್ನೊಂದು ಕೈಯಲ್ಲಿ ಹಿಡಿದಂತೆ ಹೋಲಿಸಿ ನೋಡಿದರು. 1957ರ ಡಿಸೆಂಬರ್ 16ರ ಚರ್ಚೆಯಲ್ಲಿ ಎದ್ದಾಗ ಮಂತ್ರಿಗೂ ಹಣಕಾಸು ಕಾರ್ಯದರ್ಶಿಗೂ ನಡೆದ ಒಳಗಿನ ಪತ್ರವ್ಯವಹಾರದ ವಿಷಯವೂ ಅವರ ಬಳಿ ಇತ್ತು. ಸದನ ಸ್ತಬ್ಧ. ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ಅಂದರೆ ಸಾಮಾನ್ಯರಲ್ಲ, ನೆಹರೂಗೆ ಬೇಕಾದವರು. ಮಾವನ ಮಂತ್ರಿಮಂಡಲದ ಮುಖ್ಯ ಕಂಬಕ್ಕೇ ಅಳಿಯ ಗರಗಸ ಇಟ್ಟಿದ್ದರು.

ನೆಹರೂ ವಿಚಾರಣೆಗೆ ಒಪ್ಪಲೇಬೇಕಾಯಿತು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಎಂ. ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ 1958ರ ಜನವರಿಯಲ್ಲಿ ಕೂತಿತು. ಈಗಿನ ಆಯೋಗಗಳಂತೆ ಆರಾರು ತಿಂಗಳು ಅವಧಿ ವಿಸ್ತರಣೆ ಇಲ್ಲ, ಕಾರು ಭತ್ಯೆಯ ಮಾತಿಲ್ಲ. ಎಲ್ಲ ಬಹಿರಂಗ ವಿಚಾರಣೆ. ಜಾಗ ಸಾಲದೆ ಹೊರಗೆ ಲೌಡ್‌ಸ್ಪೀಕರ್ ಕಟ್ಟಿಸಿದರು, ಜನ ರಸ್ತೆಯಲ್ಲಿ ನಿಂತು ಕೇಳಿದರು. ಮಂತ್ರಿ ತಾನು ಒಪ್ಪಿಗೆ ಕೊಟ್ಟಿರಲಿಲ್ಲ ಅಂದರು. ಕಾರ್ಯದರ್ಶಿ ಎಚ್. ಎಂ. ಪಟೇಲ್ ಮಂತ್ರಿಗೆ ಗೊತ್ತಿತ್ತು ಅಂದರು. ಛಾಗ್ಲಾ ಫೆಬ್ರವರಿಯಲ್ಲೇ ವರದಿ ಕೊಟ್ಟರು: ಕಾರ್ಯದರ್ಶಿ ಮಾಡಿದ್ದಕ್ಕೆ ಮಂತ್ರಿಯೇ ಹೊಣೆ, ಅವರ ಹೆಗಲ ಹಿಂದೆ ಅವಿತುಕೊಳ್ಳುವಂತಿಲ್ಲ, ಸಂಸತ್ತನ್ನು ಮಂತ್ರಿಗಳು ಆದಷ್ಟು ಬೇಗ ವಿಶ್ವಾಸಕ್ಕೆ ತೆಗೆದುಕೊಳ್ಳಬೇಕು. ಸೆಪ್ಟೆಂಬರಿನ ಪ್ರಶ್ನೆಗೇ ಪೂರ್ತಿ ಉತ್ತರ ಬಂದಿದ್ದರೆ ಇಷ್ಟು ದೂರ ಬರುತ್ತಲೇ ಇರಲಿಲ್ಲ ಅನ್ನುವುದು ಓದಿದವರಿಗೆ ಹೊಳೆಯುತ್ತದೆ.

ಫೆಬ್ರವರಿ 18ಕ್ಕೆ ಕೃಷ್ಣಮಾಚಾರಿ ಹೋದರು. ಮುಂದ್ರಾ ಜೈಲು ಕಂಡ. ಆದರೆ ರಾಜಕೀಯ ಅನ್ನುವುದು ರಾಟೆ ಇದ್ದ ಹಾಗೆ. ಕೃಷ್ಣಮಾಚಾರಿ 1962ರಲ್ಲಿ ಮತ್ತೆ ಮಂತ್ರಿಯಾದರು, ಮರುವರ್ಷ ಮತ್ತೆ ಹಣಕಾಸೇ ಸಿಕ್ಕಿತು. ನೌಕರಿ ಬಿಟ್ಟು ಹೊರಟ ಪಟೇಲರು 1977ರಲ್ಲಿ ಜನತಾ ಸರ್ಕಾರದ ಹಣಕಾಸು ಮಂತ್ರಿ!

ಫಿರೋಜ್ ಮಾತ್ರ ಹಿಂದಿನ ಬೆಂಚಿನಲ್ಲೇ ಉಳಿದರು. ಟಾಟಾ ಕಂಪನಿ ರೈಲ್ವೆಗೆ ಮಾರುವ ಇಂಜಿನ್ನಿಗೆ ಜಪಾನಿನ ಇಂಜಿನ್ನಿಗಿಂತ ಇಷ್ಟು ದುಬಾರಿ ಬೆಲೆ ಯಾಕೆ ಅಂತ ಕೇಳಿದರು. ಟಾಟಾ ಕೂಡ ಪಾರ್ಸಿ, ತನ್ನವರು ಅಂತ ನೋಡಲಿಲ್ಲ. 1959ರಲ್ಲಿ ಕೇರಳದ ಕಮ್ಯುನಿಸ್ಟ್ ಸರ್ಕಾರವನ್ನು ಕಿತ್ತುಹಾಕಿದಾಗ ಕಾಂಗ್ರೆಸ್ ಅಧ್ಯಕ್ಷೆ ಅವರ ಹೆಂಡತಿಯೇ. ಅದಕ್ಕೂ ಇವರ ವಿರೋಧ. ಮನೆಯೊಳಗೆ ಏನು ನಡೆಯಿತೋ ಅದು ಅವರವರಿಗೆ ಬಿಟ್ಟದ್ದು. ಪ್ರಧಾನಿಯ ಮನೆ ಬಿಟ್ಟು ಸಂಸತ್ ಸದಸ್ಯರಿಗೆ ಕೊಡುವ ಮನೆಯಲ್ಲಿ ಇರುತ್ತಿದ್ದರು ಅನ್ನುವುದು ದೆಹಲಿಗೆಲ್ಲ ಗೊತ್ತಿತ್ತು. 1958ರಲ್ಲಿ ಒಮ್ಮೆ ಹೃದಯಾಘಾತ. ಎರಡನೆಯದು 1960ರ ಸೆಪ್ಟೆಂಬರ್ 8ರಂದು ದೆಹಲಿಯ ವಿಲಿಂಗ್ಡನ್ ಆಸ್ಪತ್ರೆಯಲ್ಲಿ ಅವರನ್ನು ಕೊಂಡೊಯ್ಯಿತು. 48 ತುಂಬುವುದಕ್ಕೆ ನಾಲ್ಕು ದಿನ ಬಾಕಿ.

ಚಿಕ್ಕಮಗಳೂರಿಗೆ ಬಂದ ಪ್ರಶ್ನೆ

ಗಂಡ ತಂದ ಕಾನೂನನ್ನು ಹೆಂಡತಿಯ ಸರ್ಕಾರವೇ ತೆಗೆಯಿತು. ತುರ್ತು ಪರಿಸ್ಥಿತಿಯಲ್ಲಿ, 1975ರ ಡಿಸೆಂಬರಿನ ಸುಗ್ರೀವಾಜ್ಞೆಯಲ್ಲಿ ಫಿರೋಜ್ ಗಾಂಧಿ ಕಾಯಿದೆ ರದ್ದು. ಅದಕ್ಕೆ ಮೊದಲೇ ಆ ಜುಲೈ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಗೂ ಬೀಗ ಬಿದ್ದಿತ್ತು. 1977ರಲ್ಲಿ ಜನತಾ ಸರ್ಕಾರ ಬಂದು ಕಾನೂನನ್ನು ವಾಪಸು ತಂದಿತು. 44ನೇ ತಿದ್ದುಪಡಿಯಲ್ಲಿ ಅದನ್ನು ಸಂವಿಧಾನಕ್ಕೇ ಸೇರಿಸಿ ರಾಜ್ಯದ ವಿಧಾನಮಂಡಲಗಳಿಗೂ ಹಬ್ಬಿಸಿತು. ನಮ್ಮ ವಿಧಾನಸಭೆಯಲ್ಲಿ ಬಂದ ಉತ್ತರವನ್ನು ಸಂಜೆ ಪತ್ರಿಕೆಯೊಂದು ಗುತ್ತಿಗೆದಾರನ ಹೆಸರು ಸಮೇತ ಹೆದರದೆ ಅಚ್ಚು ಹಾಕುವುದು ಆ ಬಲದ ಮೇಲೆ.

ಆ 1977ರಲ್ಲೇ ಇಂದಿರಾ ತಮ್ಮ ಗಂಡನ ಕ್ಷೇತ್ರವಾಗಿದ್ದ ರಾಯ್‌ಬರೇಲಿಯಲ್ಲಿ ಸೋತರು. ಮರುವರ್ಷ ಚಿಕ್ಕಮಗಳೂರಿಗೆ ಬಂದರು. ಡಿ. ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು; ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ನವೆಂಬರಿನಲ್ಲಿ ಇಂದಿರಾ ಲೋಕಸಭೆಗೆ ಹೋದರು. ಡಿಸೆಂಬರ್ 19ಕ್ಕೆ ಅದೇ ಲೋಕಸಭೆ ಅವರ ಸದಸ್ಯತ್ವ ಕಿತ್ತುಕೊಂಡು ತಿಹಾರ್ ಜೈಲಿಗೆ ಕಳಿಸಿತು. ಕಾಫಿ ತೋಟದ ನಾಡಿನ ಮತ ಒಂದೂವರೆ ತಿಂಗಳೂ ಬಾಳಲಿಲ್ಲ. ಜೈಲು ಒಂದು ವಾರದ್ದು. 1981ರಲ್ಲಿ ಹೊಸ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು, ಅದು ಬೇರೆ ಮಾತು.

ಆರೋಪ ಏನಿತ್ತು ಅನ್ನುವುದನ್ನು ಚಿಕ್ಕಮಗಳೂರಿನಲ್ಲೂ ಈಗ ಬಹಳ ಜನ ಮರೆತಿದ್ದಾರೆ. 1975ರಲ್ಲಿ ಲೋಕಸಭೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ವಿಷಯ, ಫಿರೋಜರ ಎರಡನೇ ಮಗ ಸಂಜಯ್ ನಡೆಸುತ್ತಿದ್ದ ಮಾರುತಿ ಕಂಪನಿ. ಉತ್ತರ ಬರೆಯುವುದಕ್ಕಾಗಿ ನಾಲ್ವರು ಅಧಿಕಾರಿಗಳು ಮಾಹಿತಿ ಸಂಗ್ರಹಿಸುತ್ತಿದ್ದರು. ಅವರ ಕೆಲಸಕ್ಕೆ ಅಡ್ಡಿಪಡಿಸಿ, ಅವರ ಮೇಲೆ ಕೇಸು ಹಾಕಿಸಿ ಕಿರುಕುಳ ಕೊಟ್ಟರು ಅನ್ನುವುದೇ ಸದನದ ಹಕ್ಕುಬಾಧ್ಯತಾ ಸಮಿತಿ ಅವರ ಮೇಲೆ ಹೊರಿಸಿದ ತಪ್ಪು.