ಕೋರ್ಟಿನಿಂದ ಶಾಲೆಯ ಕಡೆಗೆ ನಡೆದ ವಕೀಲರು: ಕುದ್ಮುಲ್ ರಂಗರಾವ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ, ಹಿರಿಯ ವಿದ್ಯಾರ್ಥಿಗಳು ಹೆಚ್ಚಾಗಿ ತಮ್ಮ ನೆನಪುಗಳನ್ನೇ ಬರೆಯುತ್ತಾರೆಂದು ನನಗೆ ಅನಿಸಿತು. ನಾನು ಕಾನೂನು ಓದಿದವನಲ್ಲ. ಇಲ್ಲಿ ಹತ್ತನೇ ತರಗತಿ ಪಾಸಾಗಿ, ಮುಂದೆ ಬಿ.ಇ. ಮಾಡಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಆದರೂ ಒಬ್ಬ ವಕೀಲರ ಬದುಕಿನ ಬಗ್ಗೆ ಬರೆಯುತ್ತಿದ್ದೇನೆ. ಮಂಗಳೂರಿನ ಪುರಭವನದಲ್ಲಿ ಯಕ್ಷಗಾನ, ನಾಟಕ, ಸಭೆ ನೋಡಿದವರು ನಮ್ಮೂರಲ್ಲಿ ಬಹಳ ಮಂದಿ ಇದ್ದಾರೆ. ಆ ಪುರಭವನದ ಹೆಸರು ಕುದ್ಮುಲ್ ರಂಗರಾವ್ ಪುರಭವನ. ಆ ಹೆಸರಿನ ಹಿಂದಿನ ಮನುಷ್ಯರ ಕಥೆ ನಮ್ಮ ಮಕ್ಕಳಿಗೆ ತಿಳಿಯಲಿ ಎಂಬುದೇ ನನ್ನ ಆಸೆ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡಿನಲ್ಲಿ. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಸಾರಸ್ವತ ಬ್ರಾಹ್ಮಣ ಮನೆತನ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಮಂಗಳೂರಿಗೆ ಬಂದು ತಿಂಗಳಿಗೆ ಎಂಟು ರೂಪಾಯಿ ಸಂಬಳದ ಮೇಷ್ಟ್ರಾದರು. ಪಾಠ ಹೇಳುತ್ತಲೇ ಓದು ಮುಂದುವರಿಸಿ, ಪ್ಲೀಡರ್ ಪರೀಕ್ಷೆ ಪಾಸು ಮಾಡಿ ಮಂಗಳೂರಿನ ಕೋರ್ಟಿನಲ್ಲಿ ವಕೀಲಿ ಆರಂಭಿಸಿದರು. ಬಡವರ ಪರವಾಗಿ ನಿಲ್ಲುವ ವಕೀಲರೆಂದು ಹೆಸರು ಬಂತು. ಮಂಗಳೂರಿನ ಬ್ರಹ್ಮಸಮಾಜಕ್ಕೆ ಸೇರಿದ ಅವರು ಜಾತಿಯ ಮೇಲು ಕೀಳನ್ನು ಒಪ್ಪಲಿಲ್ಲ.

ಅವರ ಜೀವನ ಚರಿತ್ರೆ ಬರೆದವರು ಒಂದು ಘಟನೆಯನ್ನು ಮುಖ್ಯವಾಗಿ ಹೇಳುತ್ತಾರೆ. ಬೆಂದೂರಿನ ಬಾಬು ಎಂಬ ದಲಿತ ಯುವಕ ನಾಲ್ಕನೇ ತರಗತಿಯವರೆಗೆ ಓದಿದ್ದ. ಅವನಿಗೆ ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿತು. ಅಷ್ಟಕ್ಕೇ ಮೇಲ್ಜಾತಿಯವರಿಂದ ಗಲಾಟೆ ಎದ್ದಿತು. ಎಲ್ಲರಿಗೂ ನ್ಯಾಯ ಕೊಡಬೇಕಾದ ಕಟ್ಟಡದೊಳಗೆ ಒಬ್ಬ ದಲಿತ ಜವಾನನಾಗಿ ನಿಲ್ಲುವುದನ್ನೂ ಸಹಿಸದ ಕಾಲ ಅದು. ಇದು ರಂಗರಾಯರ ಮನಸ್ಸನ್ನು ಬಹಳ ಕಲಕಿತು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅವರು ಇದರಿಂದ ಕಲಿತ ಪಾಠ. ಒಬ್ಬ ಬಾಬುವಿನ ಪರವಾಗಿ ವಾದಿಸಿದರೆ ಒಂದು ಕೇಸು ಮುಗಿಯುತ್ತದೆ. ಆದರೆ ಅಕ್ಷರವೇ ಗೊತ್ತಿಲ್ಲದ ಸಾವಿರಾರು ಜನ ಕೋರ್ಟಿನ ಬಾಗಿಲಿಗೆ ಬರುವುದಾದರೂ ಹೇಗೆ? ಬಂದರೂ ತಮ್ಮ ಹೆಸರಿನಲ್ಲಿ ಬರೆದ ಕಾಗದದಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? ಕೆಲವು ವರ್ಷಗಳಲ್ಲೇ, 1892ರಲ್ಲಿ, ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಬಾಡಿಗೆ ಮನೆಯೊಂದರಲ್ಲಿ ಅವರು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ವಿರೋಧ ಜೋರಾಗಿಯೇ ಬಂತು. ಪಾಠ ಹೇಳಲು ಮೇಷ್ಟ್ರುಗಳೇ ಸಿಗದಾಗ ಕ್ರೈಸ್ತ ಶಿಕ್ಷಕರು ಮುಂದೆ ಬಂದರು. ಕೂಲಿ ಬಿಟ್ಟು ಮಕ್ಕಳನ್ನು ಕಳಿಸಲು ತಂದೆತಾಯಿಗಳಿಗೆ ಕಷ್ಟವಾಗುತ್ತದೆಂದು ತಿಳಿದು ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿಸಿದರು. ಇಂದು ನಮ್ಮ ಶಾಲೆಯಲ್ಲಿ ನಡೆಯುವ ಅಕ್ಷರ ದಾಸೋಹದ ಕೆಲಸವನ್ನು ಅವರು ಆ ಕಾಲದಲ್ಲೇ ತಮ್ಮ ಪ್ರಯತ್ನದಿಂದ ಮಾಡಿದ್ದರು.

1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ಅದರ ಶಾಲೆ, ಹಾಸ್ಟೆಲ್, ಕೈಕಸುಬು ಕಲಿಸುವ ವ್ಯವಸ್ಥೆ ಬೆಳೆಯಿತು. ಬೇರೆ ಕಡೆಗಳಲ್ಲೂ ಶಾಲೆಗಳು ಆರಂಭವಾದವು. ದಲಿತರಿಗೆ ಮನೆ ಕಟ್ಟಲು ಜಾಗ ಕೊಡಿಸಿದರು. ಪುರಸಭೆ, ಜಿಲ್ಲಾ ಬೋರ್ಡುಗಳಲ್ಲಿ ಅವರ ಪ್ರತಿನಿಧಿಗಳು ಕೂರುವಂತೆ ಪ್ರಯತ್ನಪಟ್ಟರು. ಕೇಸು ಗೆಲ್ಲಿಸುವುದಷ್ಟೇ ವಕೀಲರ ಕೆಲಸ ಎಂದುಕೊಂಡಿದ್ದರೆ ಇವ್ಯಾವುವೂ ಆಗುತ್ತಿರಲಿಲ್ಲ.

ಇದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಜಾತಿಯವರು ಬಹಿಷ್ಕಾರ ಹಾಕಿದರು. ಕೋರ್ಟಿನಲ್ಲಿ ಗೌರವ ಪಡೆಯುವ ಮನುಷ್ಯನಿಗೆ ತನ್ನ ಬೀದಿಯಲ್ಲಿ ಗೌರವವಿಲ್ಲದಂತಾಯಿತು. ಆದರೂ ಅವರು ಹೊರಗೊಂದು, ಮನೆಯೊಳಗೊಂದು ಎಂದು ಬದುಕಲಿಲ್ಲ. ಮಗಳು ರಾಧಾಬಾಯಿಯವರನ್ನು ಓದಿಸಿದರು; ಅವರ ಮದುವೆ ಬೇರೆ ಜಾತಿಯ ಡಾ. ಪಿ. ಸುಬ್ಬರಾಯನ್ ಅವರೊಂದಿಗೆ ನಡೆಯಿತು. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತ್ಯದ ಸರ್ಕಾರದ ಮುಖ್ಯಸ್ಥರಾದರು. ರಾಧಾಬಾಯಿಯವರು 1930ರ ಮೊದಲ ದುಂಡು ಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದರು. ಭಾರತ ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಪಿ.ಪಿ. ಕುಮಾರಮಂಗಲಂ ರಂಗರಾಯರ ಮೊಮ್ಮಗ.

ಗೌರವಗಳು ಬರದೇ ಇರಲಿಲ್ಲ. ಬ್ರಿಟಿಷ್ ಸರ್ಕಾರ ಬಿರುದು ಕೊಟ್ಟಿತು. ಅವರು ತೀರಿಕೊಂಡ ಮೇಲೆ, 1934ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಸಂಸ್ಥೆಯನ್ನು ನೋಡಿ, ಅವರ ಕೆಲಸವನ್ನು ಮನಸಾರೆ ಮೆಚ್ಚಿದರು. ಆದರೆ ರಂಗರಾಯರು ತಮಗಾಗಿ ಬಯಸಿದ ಗೌರವವೇ ಬೇರೆ ಇತ್ತು. ತಮ್ಮ ಶಾಲೆಯಲ್ಲಿ ಓದಿದ ದಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಊರ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು, ಆಗ ತಮ್ಮ ಜನ್ಮ ಸಾರ್ಥಕ ಎಂಬುದು ಅವರ ಆಸೆಯಾಗಿತ್ತು. ಕೊನೆಗಾಲದಲ್ಲಿ ಸಂನ್ಯಾಸ ತೆಗೆದುಕೊಂಡ ಅವರು 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶವಕ್ಕೆ ಊರಿನ ಕಸ ಗುಡಿಸುವವರೇ ಹೆಗಲು ಕೊಡಬೇಕೆಂದು ಮೊದಲೇ ಹೇಳಿಟ್ಟಿದ್ದರು.

ಅಕ್ಷರಕ್ಕೂ ನ್ಯಾಯಕ್ಕೂ ಇರುವ ಸಂಬಂಧ ನಮ್ಮೂರಿನವರಿಗೆ ಹೊಸದಲ್ಲ. 1974ರಲ್ಲಿ ಭೂಮಸೂದೆ ಬಂದಾಗ ಗೇಣಿದಾರರು ಡಿಕ್ಲರೇಶನ್ ಕೊಡಬೇಕಿತ್ತು. ನನ್ನ ಅಜ್ಜ ಹೆಬ್ಬೆಟ್ಟು ಒತ್ತುವವರು. ಅವರ ಫಾರಂ ತುಂಬಿಸಿ, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿದ್ದು ಪಕ್ಕದ ಮನೆಯ ಮೇಷ್ಟ್ರು. ಕಾನೂನು ಅಜ್ಜನ ಪರವಾಗಿಯೇ ಇತ್ತು, ಆದರೆ ಅದು ಅವರ ಕೈಗೆ ತಲುಪಲು ಅಕ್ಷರ ಬಲ್ಲ ಇನ್ನೊಬ್ಬರು ಬೇಕಾಯಿತು. ಅಂಥ ಸಹಾಯ ಸಿಗದೆ ಜಾಗ ಕಳೆದುಕೊಂಡವರ ಕಥೆಗಳನ್ನೂ ಹಿರಿಯರಿಂದ ಕೇಳಿದ್ದೇನೆ.

ಈಗ ಕಾಲ ಬದಲಾಗಿದೆ. ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದೆಂದು ಸಂವಿಧಾನದ 39-ಎ ವಿಧಿ ಹೇಳುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ತಮ್ಮ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರ ನೆರವು ಪಡೆಯಬಹುದು. ಉಳಿದವರಿಗೆ ಆದಾಯದ ಮಿತಿ ಇದೆ. ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ, ಇಲ್ಲವೇ 15100 ಸಂಖ್ಯೆಗೆ ಫೋನ್ ಮಾಡಿದರೆ ದಾರಿ ತಿಳಿಯುತ್ತದೆ. ಈ ವಿಷಯ ಗೊತ್ತಿಲ್ಲದೆ ಸಾಲ ಮಾಡಿ ಕೋರ್ಟಿಗೆ ಅಲೆಯುವವರು, ಕೋರ್ಟಿನ ಹೆಸರು ಕೇಳಿಯೇ ಹೆದರಿ ಸುಮ್ಮನಾಗುವವರು ಇಂದಿಗೂ ನಮ್ಮ ಸುತ್ತ ಇದ್ದಾರೆ. ನಮ್ಮ ಶಾಲೆಯಲ್ಲಿ ಓದಿ ವಕೀಲರಾದವರು ವರ್ಷಕ್ಕೆ ಒಂದೆರಡು ದಿನ ಶಾಲೆಯ ಜಗುಲಿಯಲ್ಲಿ ಕುಳಿತು ಊರವರ ಕಾಗದಪತ್ರ ನೋಡಿಕೊಟ್ಟರೆ, ಈ ಸುವರ್ಣ ಮಹೋತ್ಸವಕ್ಕೆ ಅದಕ್ಕಿಂತ ಒಳ್ಳೆಯ ಕಾಣಿಕೆ ಇಲ್ಲ. ಅರ್ಜಿ ಬರೆಯುವುದು, ಆನ್‌ಲೈನಿನಲ್ಲಿ ಸಲ್ಲಿಸುವುದು ಇತ್ಯಾದಿ ಕೆಲಸಕ್ಕೆ ನನ್ನಂಥವರು ಬರಲು ಸಿದ್ಧರಿದ್ದೇವೆ.

ಗುರುಗಳಲ್ಲಿ ಒಂದು ವಿನಂತಿ. ಪ್ರತಿ ವರ್ಷ ಜನವರಿ 30ರಂದು ಶಾಲೆಯಲ್ಲಿ ಗಾಂಧೀಜಿಯವರ ನೆನಪಿಗಾಗಿ ಮೌನ ಆಚರಿಸುತ್ತೇವೆ. ಅದೇ ದಿನ ರಂಗರಾಯರ ಪುಣ್ಯತಿಥಿಯೂ ಹೌದೆಂದು ಮಕ್ಕಳಿಗೆ ಹೇಳಬೇಕು. ಯಾವ ಜಾತಿ, ಯಾವ ಮನೆ ಎಂದು ಕೇಳದೆ ಎಲ್ಲ ಮಕ್ಕಳನ್ನೂ ಒಂದೇ ಬೆಂಚಿನಲ್ಲಿ ಕೂರಿಸುವ ಸರ್ಕಾರಿ ಶಾಲೆ ತಾನಾಗಿ ಬಂದದ್ದಲ್ಲ. ಅದಕ್ಕಾಗಿ ತಮ್ಮ ಗೌರವ, ಸಂಪಾದನೆ, ನೆಂಟಸ್ತಿಕೆ ಬಿಟ್ಟುಕೊಟ್ಟವರಿದ್ದಾರೆ. ಊರವರೂ ತಮ್ಮ ಮಕ್ಕಳನ್ನು ಇಲ್ಲಿಗೇ ಕಳಿಸಿ ಈ ಶಾಲೆಯನ್ನು ಉಳಿಸಿಕೊಳ್ಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.