ಡಿಗ್ರಿ ಮುಗಿಸದ ಲಾಸ್ ಮತ್ತು ನಮ್ಮ ಹುಳಿ ಮಣ್ಣಿನ ಗದ್ದೆ

ಸೂಪರ್ ಫಾಸ್ಫೇಟ್ ಚೀಲ ಕಂಡಾಗೆಲ್ಲ ನನಗೆ ಜಾನ್ ಬೆನೆಟ್ ಲಾಸ್ ನೆನಪಾಗ್ತಾನೆ. 1814ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಹುಟ್ಟಿದ ಜಮೀನ್ದಾರರ ಹುಡುಗ. ಆಕ್ಸ್‌ಫರ್ಡ್‌ಗೆ ಹೋದ, ಡಿಗ್ರಿ ಇಲ್ಲದೆ ವಾಪಸ್ ಬಂದ. (ಇಂಜಿನಿಯರಿಂಗ್ ಡಿಗ್ರಿ ಪಡೆದೂ ಸುದ್ದಿ ಬರೆಯುವ ನಾನು ಇದನ್ನು ಆಡಿಕೊಳ್ಳುವಂತಿಲ್ಲ ಬಿಡಿ.)

ಆಗಿನ ರೈತರು ಹೊಲಕ್ಕೆ ಮೂಳೆಪುಡಿ ಹಾಕುತ್ತಿದ್ದರು. ಕೆಲವು ಕಡೆ ಒಳ್ಳೇ ಫಲ, ಲಾಸ್‌ನ ಜಮೀನಿನಲ್ಲಿ ಮಾತ್ರ ಏನೂ ಇಲ್ಲ. ಮೂಳೆಯ ರಂಜಕ ಕರಗದೆ ಬೇರಿಗೆ ಸಿಗೋದಿಲ್ಲ. ಹುಳಿ ಮಣ್ಣು ಅದನ್ನು ತಾನೇ ಕರಗಿಸುತ್ತೆ. ಇವನದು ಅಂಥ ಮಣ್ಣಲ್ಲ. ಸರಿ, ಹುಳಿಯನ್ನೇ ಹೊರಗಿನಿಂದ ಕೊಟ್ಟ. ಮೂಳೆಗೆ, ಖನಿಜ ಫಾಸ್ಫೇಟ್‌ಗೆ ಗಂಧಕಾಮ್ಲ ಬೆರೆಸಿದ. 1842ರಲ್ಲಿ ಪೇಟೆಂಟ್, ಮರುವರ್ಷ ಡೆಪ್ಟ್‌ಫರ್ಡ್‌ನಲ್ಲಿ ಕಾರ್ಖಾನೆ. ಅದೇ ವರ್ಷ ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಜೊತೆಯಾದ. ಇಬ್ಬರೂ ಶುರು ಮಾಡಿದ ಗೋಧಿ ಪ್ರಯೋಗ ಇಂದಿಗೂ ನಡೀತಿದೆ. 1872ರಲ್ಲಿ ಗೊಬ್ಬರದ ವ್ಯಾಪಾರ ಮಾರಿದ ಲಾಸ್, ಮುಂದೆ 1 ಲಕ್ಷ ಪೌಂಡ್ ಸಂಶೋಧನೆಗೇ ಮೀಸಲಿಟ್ಟು 1900ರಲ್ಲಿ ತೀರಿಕೊಂಡ.

ನಾವು ಅವನ ಉತ್ತರ ತಗೊಂಡೆವು, ಪ್ರಶ್ನೆ ಬಿಟ್ಟೆವು. ನಮ್ಮ ಕರಾವಳಿ, ಮಲೆನಾಡಿನ ಬಹುಪಾಲು ಭತ್ತದ ಗದ್ದೆಗಳದ್ದು ಹುಳಿ ಮಣ್ಣೇ. ಅಲ್ಲಿ ರಾಜಸ್ಥಾನದ ಝಾಮರ್‌ಕೋಟ್ರಾದಂಥ ಗಣಿಯ ಶಿಲಾರಂಜಕವನ್ನು ನುಣ್ಣಗೆ ಅರೆದು ನೇರವಾಗಿ ಹಾಕಬಹುದು. ಆದರೂ ಆಮದು ರಂಜಕಕ್ಕೆ ಸಬ್ಸಿಡಿ ಸುರೀತೀವಿ. ಒಂದೇ ಎಚ್ಚರ: ಗದ್ದೆಗೆ ನೀರು ನಿಲ್ಲಿಸುವ ಒಂದೆರಡು ವಾರ ಮೊದಲೇ ಮಣ್ಣಿಗೆ ಬೆರೆಸಬೇಕು. ನೀರು ನಿಂತ ಮೇಲೆ ಮಣ್ಣಿನ ಹುಳಿ ಇಳಿದು, ಕಲ್ಲು ಕರಗೋದು ನಿಧಾನವಾಗುತ್ತೆ.