ಕಾಪ್ರೇಕರ್ ಮಾಸ್ತರರ ಡೆಮ್ಲೋ ಸಂಖ್ಯೆ

ಮಕ್ಕಳೇ, ನಿಮ್ಮ ನೋಟ್‌ಬುಕ್ಕಿನಲ್ಲಿ ಒಂಬತ್ತು ಒಂದುಗಳನ್ನು ಸಾಲಾಗಿ ಬರೆಯಿರಿ: 111111111. ಇದನ್ನು ಇದರಿಂದಲೇ ಗುಣಿಸಿದರೆ ಸಿಗುವ ಉತ್ತರ 12345678987654321. ಒಂದರಿಂದ ಒಂಬತ್ತಕ್ಕೆ ಹತ್ತಿ ಮತ್ತೆ ಒಂದಕ್ಕೆ ಇಳಿಯುವ 17 ಅಂಕಿಗಳು! ಇದರ ಬೆಲೆ 123 ಕೋಟಿ ಕೋಟಿಗೂ ಹೆಚ್ಚು. ಇಂತಹ ಸಂಖ್ಯೆಗಳಿಗೆ ಡೆಮ್ಲೋ ಸಂಖ್ಯೆಗಳೆಂದು ಹೆಸರು. ಡೆಮ್ಲೋ ಎಂಬುದು ಗಣಿತಜ್ಞರ ಹೆಸರಲ್ಲ, ಮುಂಬಯಿ ಬಳಿಯ ಒಂದು ರೈಲು ನಿಲ್ದಾಣದ ಹಳೆಯ ಹೆಸರು. ಈಗ ಅದು ಡೊಂಬಿವಲಿ. ಈ ಸಂಖ್ಯೆಗಳು ಅಲ್ಲಿ ಹೊಳೆದದ್ದು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅವರಿಗೆ.

ಕಾಪ್ರೇಕರ್ ಹುಟ್ಟಿದ್ದು 1905ರ ಜನವರಿ 17ರಂದು, ಈಗಿನ ಮಹಾರಾಷ್ಟ್ರದ ಡಹಾಣುವಿನಲ್ಲಿ. ಎಂಟನೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡರು. ತಂದೆ ಗುಮಾಸ್ತರು, ಜ್ಯೋತಿಷ್ಯದಲ್ಲಿ ಬಲು ಆಸಕ್ತಿ. ಅದರ ಲೆಕ್ಕಾಚಾರ ನೋಡುತ್ತಾ ಮಗನಿಗೆ ಅಂಕಿಗಳ ಗೀಳು ಹತ್ತಿತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದುವಾಗ, 1927ರಲ್ಲಿ, ಗಣಿತದ ಬಹುಮಾನ ಗಳಿಸಿದರು. 1929ರಲ್ಲಿ ಪದವಿ ಪಡೆದು, 1930ರಿಂದ 1962ರವರೆಗೆ ನಾಸಿಕ್ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದರು.

ಅವರು ಸಂಖ್ಯೆಗಳನ್ನು ಗುಣ ನೋಡಿ ಗುಂಪು ಮಾಡುತ್ತಿದ್ದರು. ತನ್ನ ಅಂಕಿಗಳ ಮೊತ್ತದಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಗೆ ಹರ್ಷದ ಸಂಖ್ಯೆ, ಅಂದರೆ ಸಂತೋಷ ಕೊಡುವ ಸಂಖ್ಯೆ, ಎಂದು ಹೆಸರಿಟ್ಟರು. ನಮ್ಮ ದೊಡ್ಡ ಸಂಖ್ಯೆಯನ್ನೇ ಪರೀಕ್ಷಿಸೋಣ. ಅದರ ಅಂಕಿಗಳ ಮೊತ್ತ 81. ಭಾಗಿಸಿದರೆ 152415789971041, ಶೇಷ ಸೊನ್ನೆ. ಹಾಗಾಗಿ ಅದು ವರ್ಗಸಂಖ್ಯೆ, ಡೆಮ್ಲೋ ಸಂಖ್ಯೆ, ಜೊತೆಗೆ ಹರ್ಷದ ಸಂಖ್ಯೆಯೂ ಹೌದು. ಆದರೆ ಅದರ ಪುಟ್ಟ ತಮ್ಮ 121 ಹರ್ಷದ ಅಲ್ಲ. ಮೊತ್ತ 4, ಭಾಗಿಸಿದರೆ 1 ಉಳಿಯುತ್ತದೆ. 12321 ಏನಾಗುತ್ತದೆ? ನೀವೇ ಮಾಡಿ ನೋಡಿ.

ಹತ್ತು ಒಂದುಗಳನ್ನು ಹೀಗೆಯೇ ಗುಣಿಸಿದರೆ ಸೊಗಸು ಕೆಡುತ್ತದೆ: 1234567900987654321. ಗುಣಾಕಾರ ಬರೆದು ಕೂಡುವಾಗ ನಡುವಿನ ಸಾಲಿನಲ್ಲಿ ಹತ್ತು ಒಂದುಗಳು ಸೇರುತ್ತವೆ. ಸೊನ್ನೆ ಬರೆದು ದಶಕ ಒಯ್ಯಬೇಕಲ್ಲ, ಅಲ್ಲಿಂದಲೇ ಎಡವಟ್ಟು!

ಕಾಪ್ರೇಕರ್ ಅವರಿಗೆ ಸ್ನಾತಕೋತ್ತರ ಪದವಿ ಇರಲಿಲ್ಲ. ಇದೆಲ್ಲ ಬರೀ ಆಟವೆಂದು ಕೆಲವು ವಿದ್ವಾಂಸರು ನಕ್ಕರು. ಆಟವೇ ಇರಬಹುದು, ಆದರೆ ಆಡಲು ಎಷ್ಟು ತಾಳ್ಮೆ ಬೇಕೆಂಬುದು ಮೇಲಿನ ಭಾಗಾಕಾರ ಮಾಡಿದವರಿಗೆ ಗೊತ್ತು. ಅವರು ಸಮ್ಮೇಳನಗಳಿಗೆ ಹೋಗುವುದನ್ನು ಬಿಡಲಿಲ್ಲ. ಇಂದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿರುವ 6174 ಸಂಖ್ಯೆಯ ಗುಟ್ಟನ್ನು 1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ತಿಳಿಸಿದರು. ಅಂದಹಾಗೆ, 6174 ಕೂಡ ಹರ್ಷದ ಸಂಖ್ಯೆಯೇ.

1966ರಲ್ಲಿ ಪತ್ನಿ ತೀರಿಕೊಂಡರು. ಪಿಂಚಣಿ ಸಾಲದೆ ಮಕ್ಕಳಿಗೆ ಮನೆಪಾಠ ಹೇಳಿದರು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಅವರ ಬಗ್ಗೆ ಬರೆದ ಮೇಲೆ ದೇವಳಾಲಿಯ ಮಾಸ್ತರರು ಜಗತ್ತಿಗೆ ಪರಿಚಯವಾದರು. ಆಗ ಅವರಿಗೆ ಎಪ್ಪತ್ತು ವರ್ಷ. 1986ರಲ್ಲಿ ಅವರು ನಿಧನರಾದರು.